ಡಿ90 ಅಥವಾ ಡಿ7000: ಕೌಂಟ್ ಆಮೇಲೆ ನೋಡಿ, ಮೊದಲು ಟಾರ್ಚ್ ಹಾಕಿ

ಯಾವ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಳ್ಳಲಿ ಎಂದು ಸೋಮವಾರಪೇಟೆಯಿಂದ ಕೇಳಿದವರಿಗೆ. ನಿಮ್ಮ ಮುಂದಿರುವುದು ಎರಡು. ಮಡಿಕೇರಿಯ ಮನೆಯೊಂದರ ಬೀರುವಿನಲ್ಲಿ ಹತ್ತು ವರ್ಷ ಕೂತಿದ್ದ ನಿಕಾನ್ ಡಿ90, ಶಟರ್ ಕೌಂಟ್, ಅಂದರೆ ಇದುವರೆಗೆ ಒತ್ತಿದ ಕ್ಲಿಕ್ಕುಗಳ ಲೆಕ್ಕ, ಬರೀ 9 ಸಾವಿರ. ಇನ್ನೊಂದು ಮೈಸೂರಿನಲ್ಲಿ ಮದುವೆ ಫೋಟೋ ತೆಗೆಯುವವರ ಡಿ7000, ಕೌಂಟ್ 78 ಸಾವಿರ. ಎರಡಕ್ಕೂ 18-105 ಎಂಎಂ ಜೂಮ್ ಲೆನ್ಸ್. ‘ಹೊಸದರ ಹಾಗೇ ಇದೆ’ ಅಂತ ಡಿ90 ಕಡೆ ವಾಲಿದ್ದೀರಿ. ಅವಸರ ಮಾಡಬೇಡಿ.

ಡಿ90ರ ಶಟರನ್ನು 1 ಲಕ್ಷ ಕ್ಲಿಕ್ಕಿಗೆ, ಡಿ7000ದ್ದನ್ನು 1.5 ಲಕ್ಷಕ್ಕೆ ಪರೀಕ್ಷಿಸಿದ್ದಾರೆ. ಅಂದರೆ 78 ಸಾವಿರ ಎಂದರೆ ಅರ್ಧ ಆಯುಷ್ಯ ಅಷ್ಟೇ. ಬೀರುವಿನ ಕ್ಯಾಮೆರಾ ಕ್ಲಿಕ್ ಕಂಡಿಲ್ಲ, ನಿಜ, ಆದರೆ ಹತ್ತು ಮಳೆಗಾಲ ಕಂಡಿದೆ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳಲ್ಲಿ, ಬೆಲ್ಟು, ಚಪ್ಪಲಿಗೇ ಬೂಷ್ಟು ಬರುವ ಜಿಲ್ಲೆ ನಮ್ಮದು. ಅದರಲ್ಲೂ ಚರ್ಮದ ಕೇಸಿನೊಳಗೆ ಇಟ್ಟಿದ್ದರೆ ಕೇಳುವುದೇ ಬೇಡ, ಚರ್ಮ ತೇವ ಹಿಡಿದುಕೊಳ್ಳುತ್ತದೆ.

ಆದ್ದರಿಂದ ಮೊದಲ ಪರೀಕ್ಷೆ ಲೆನ್ಸಿಗೆ. ಬಾಡಿಯಿಂದ ಬಿಚ್ಚಿ, ಎರಡೂ ಮುಚ್ಚಳ ತೆಗೆಯಿರಿ. 18-105ರಲ್ಲಿ ಅಪರ್ಚರ್ (ಬೆಳಕು ಬರುವ ತೂತು) ಹೊಂದಿಸುವ ರಿಂಗ್ ಇಲ್ಲ, ಬಿಚ್ಚಿದ ಕೂಡಲೇ ಅದರ ಬ್ಲೇಡುಗಳು ಮುಚ್ಚಿಕೊಳ್ಳುತ್ತವೆ. ಹಾಗೇ ನೋಡಿದರೆ ನಡುವಿನ ಸಣ್ಣ ತೂತು ಬಿಟ್ಟು ಏನೂ ಕಾಣದು; ಬಹಳ ಜನ ಮೋಸ ಹೋಗುವುದು ಇಲ್ಲೇ. ಹಿಂಭಾಗದಲ್ಲಿರುವ ಪುಟ್ಟ ಲೋಹದ ಲಿವರನ್ನು ಬೆರಳಲ್ಲಿ ಸರಿಸಿ ಹಿಡಿದರೆ ಪೂರ್ತಿ ತೆರೆಯುತ್ತದೆ. ಕತ್ತಲ ಕೋಣೆಯಲ್ಲಿ ಹಿಂದಿನಿಂದ ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ, ಆಮೇಲೆ ತಿರುಗಿಸಿ ನೋಡಿ. ಚುಕ್ಕಿಗಳು ಧೂಳು, ಬಿಟ್ಟುಬಿಡಿ. ಅಂಚಿನಿಂದ ಒಳಕ್ಕೆ ಜೇಡರ ಬಲೆಯ ಎಳೆಯಂತೆ, ಬೇರಿನಂತೆ ಹರಡಿದ್ದರೆ ಫಂಗಸ್. ಮಜ್ಜಿಗೆ ನೀರಿನಂಥ ಮಬ್ಬಿದ್ದರೆ ಹೇಸ್. ಫಂಗಸ್ ಗಾಜಿನ ಮೇಲಿನ ಕೋಟಿಂಗ್ ತಿಂದುಬಿಟ್ಟಿದ್ದರೆ ಒರೆಸಿದರೂ ಗುರುತು ಉಳಿಯುತ್ತದೆ, ಬಿಸಿಲಿಗೆ ಎದುರಾಗಿ ತೆಗೆದ ಫೋಟೋ ಬಿಳಚುತ್ತದೆ. ಲಿವರ್ ಬಿಟ್ಟಾಗ ಬ್ಲೇಡು ಟಪ್ಪೆಂದು ಮುಚ್ಚಬೇಕು. ನಿಧಾನವಾದರೆ ಬ್ಲೇಡಿಗೆ ಎಣ್ಣೆ ಇಳಿದಿದೆ ಎಂದರ್ಥ, ಫೋಟೋಗಳು ಬೇಕಾದ್ದಕ್ಕಿಂತ ಹೆಚ್ಚು ಬೆಳಕಾಗಿ ಬರುತ್ತವೆ.

ಇನ್ನು ಬಾಡಿ. ವ್ಯೂಫೈಂಡರಿನ ಕಸ ಫೋಟೋದಲ್ಲಿ ಬರುವುದಿಲ್ಲ. ಆದರೆ ಅಲ್ಲಿ ಎಳೆ ಎಳೆ ಕಂಡರೆ ಕ್ಯಾಮೆರಾ ತೇವದಲ್ಲಿತ್ತು ಅನ್ನುವುದಕ್ಕೆ ಸಾಕ್ಷಿ ಬೇರೆ ಬೇಡ. ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ನೋಡಲು ಎ ಮೋಡ್ (ಅಪರ್ಚರ್ ನಾವೇ ಆರಿಸುವುದು), ಎಫ್/22 ಅಂದರೆ ಬಹಳ ಸಣ್ಣ ತೂತು, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 200, ಮ್ಯಾನುಯಲ್ ಫೋಕಸ್ಸಿನಲ್ಲಿ ಬೇಕೆಂದೇ ಔಟ್ ಮಾಡಿ ಬಿಳಿ ಗೋಡೆಯ ಫೋಟೋ ತೆಗೆಯಿರಿ, ತೆಗೆಯುವಾಗ ಕ್ಯಾಮೆರಾ ಸ್ವಲ್ಪ ಅಲ್ಲಾಡಿಸಿ. ಮಸುಕು ಚುಕ್ಕಿಗಳು ರಬ್ಬರ್ ಬ್ಲೋವರಿಗೆ ಹೋದರೆ ಧೂಳು, ಹೋಗದಿದ್ದರೆ ಎಣ್ಣೆಯ ಹನಿ ಇರಬಹುದು, ಅದಕ್ಕೆ ಒದ್ದೆ ಕ್ಲೀನಿಂಗ್ ಬೇಕು. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ.

ಶಟರ್ ಕೌಂಟನ್ನು ಬಾಯಿ ಮಾತಿನಲ್ಲಿ ನಂಬಬೇಡಿ. ಇವತ್ತೇ ತೆಗೆದ ಒಂದು ಜೆಪಿಇಜಿ ಕೇಳಿ, ನಿಕಾನ್ ಫೈಲಿನೊಳಗೇ ಆ ಅಂಕಿ ಬರೆದಿರುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಆ ಮಾಹಿತಿ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಬ್ಯಾಟರಿಗೆ ಮೆನುವಿನಲ್ಲಿ ಬ್ಯಾಟರಿ ಇನ್ಫೋ ಇದೆ: 0 ಇದ್ದರೆ ಹೊಸದು, 4 ಇದ್ದರೆ ಸತ್ತಂತೆ. ನೋಡಲು ಹೋಗುವಾಗ ನಿಮ್ಮದೇ 32 ಜಿಬಿ ಕಾರ್ಡ್ ಒಯ್ಯಿರಿ. 64 ಜಿಬಿಯದ್ದು ಡಿ90ಗೆ ಆಗುವುದಿಲ್ಲ. ಡಿ7000ರಲ್ಲಿ ಎರಡೂ ಸ್ಲಾಟಿಗೆ ಹಾಕಿ ನೋಡಿ.

ನೀವು ಹಕ್ಕಿ ಮತ್ತು ಕಾಫಿ ಹೂವು ಎಂದಿದ್ದೀರಿ. ತೋಟದ ನೆರಳಿನಲ್ಲಿ ಐಎಸ್‌ಒ 1600 ಮೇಲೆ ಹೋಗಲೇಬೇಕು, ಅಲ್ಲಿ 2010ರ ಡಿ7000 ಸೆನ್ಸರ್ 2008ರ ಡಿ90ಗಿಂತ ಸ್ಪಷ್ಟವಾಗಿ ಮುಂದಿದೆ. ಫೋಕಸ್ ಪಾಯಿಂಟ್ 39, ಡಿ90ರಲ್ಲಿ 11. ಫೋಕಸ್ ಹಿಂದೆಮುಂದೆ ಬೀಳುತ್ತಿದ್ದರೆ ಸರಿಪಡಿಸುವ ಫೈನ್ ಟ್ಯೂನ್ ಡಿ7000ರಲ್ಲಿದೆ, ಡಿ90ರಲ್ಲಿಲ್ಲ. ಮುಂದೆ ದೂರದ ಹಕ್ಕಿಗೆ 70-300 ಲೆನ್ಸ್ ಕೊಳ್ಳುವಾಗ ಅದರ ಹೆಸರಿನಲ್ಲಿ ಎಎಫ್-ಎಸ್ ವಿಆರ್ ಎಂದಿರಲಿ. ಎಎಫ್-ಪಿ ಎಂದಿದ್ದರೆ ಎಷ್ಟು ಅಗ್ಗವಾದರೂ ಬೇಡ, ಈ ಎರಡೂ ಬಾಡಿಯಲ್ಲಿ ಅದು ಫೋಕಸ್ ಆಗುವುದಿಲ್ಲ.

ಯಾವುದು ತಂದರೂ ಬೀರುವಿಗೆ ಮಾತ್ರ ಹೋಗಬಾರದು. ರಬ್ಬರ್ ಪಟ್ಟಿಯ, ಗಾಳಿಯಾಡದ 10-15 ಲೀಟರ್ ಡಬ್ಬಿ, ಕಾಲು ಕೆಜಿ ಸಿಲಿಕಾ ಜೆಲ್, ಒಳಗೊಂದು ಸಣ್ಣ ಹೈಗ್ರೋಮೀಟರ್. 40ರಿಂದ 50 ಶೇಕಡ ತೋರಿಸುತ್ತಿರಲಿ. 60 ದಾಟಿದರೆ ಜೆಲ್ ಅನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಬಣ್ಣ ಮೊದಲಿನಂತಾಗುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ವಾಪಸ್ ಹಾಕಿ. ಆ ಬಾಣಲೆ ಅಡುಗೆಗೆ ಬೇಡ. ಅಕ್ಕಿಯೊಳಗೆ ಹೂತಿಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ಹಿಟ್ಟಿನ ಧೂಳು ಜೂಮ್ ರಿಂಗಿನೊಳಗೆ ಸೇರುತ್ತದೆ. ಕರೆಂಟಿನ ಡ್ರೈ ಕ್ಯಾಬಿನೆಟ್ ಒಳ್ಳೆಯದೇ, ಆದರೆ ಜುಲೈಯಲ್ಲಿ ಮರ ಬಿದ್ದು ಮೂರು ದಿನ ಲೈನ್ ಇಲ್ಲದಿದ್ದರೆ ಅದೂ ಮಾಮೂಲಿ ಬೀರುವೇ.

ಮೈಸೂರಿನದರ ಟಾರ್ಚ್ ಫೋಟೋ, ಎಫ್/22 ಫೋಟೋ ಎರಡನ್ನೂ ತರಿಸಿ ಇಲ್ಲಿ ಹಾಕಿ. ಅವೆರಡೂ ಚೊಕ್ಕವಾಗಿದ್ದರೆ ಅದನ್ನೇ ತಗೊಳ್ಳಿ. ಡಿ90 ಲೆನ್ಸ್ ಕೂಡ ಚೊಕ್ಕವಾಗಿದ್ದು ಬೆಲೆ ಅರ್ಧಕ್ಕಿಳಿದರೆ ಆಗ ಮಾತಾಡೋಣ.