ಒಳ್ಳೆಯ ತಿಂಗಳ ಗಳಿಕೆ ನೋಡಿ ಕೆಲಸ ಬಿಡಬೇಡಿ

ಪ್ರಶ್ನೆ: ನನಗೆ ಕಂಪನಿಯಲ್ಲಿ ಕಾಯಂ ಕೆಲಸ. ಹೆಂಡತಿ ಮನೆಯಲ್ಲೇ ಪೀಸ್ ಲೆಕ್ಕದಲ್ಲಿ ಬಟ್ಟೆ ಹೊಲಿಯುತ್ತಾಳೆ. ಕೆಲಸ ಬಿಟ್ಟು ಸ್ವಂತ ವ್ಯಾಪಾರ ಶುರು ಮಾಡಿದ ಗೆಳೆಯನೊಬ್ಬ ನನಗಿಂತ ಒಂದೂವರೆ ಪಟ್ಟು ಜಾಸ್ತಿ ದುಡಿಯುತ್ತಿದ್ದಾನೆ. ನಾನೂ ಬಿಡಲೇ?

ಉತ್ತರ: ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಎಲ್ಲರೂ ಮಾಡುವ ತಪ್ಪು ಒಂದೇ. ಗೆಳೆಯನ ಒಂದು ಒಳ್ಳೆಯ ತಿಂಗಳನ್ನು ತಮ್ಮ ಸಂಬಳದ ಪಕ್ಕ ಇಟ್ಟು ನೋಡುತ್ತಾರೆ. ಅವರ ಕೆಟ್ಟ ತಿಂಗಳಲ್ಲಿ ಎಷ್ಟು ಬಂತು ಅಂತ ಕೇಳಿದ್ದೀರಾ? ಅಂಗಡಿಯಲ್ಲಿ ಅವರ ಹೆಂಡತಿ, ಮಕ್ಕಳು ಕೂಲಿಯಿಲ್ಲದೆ ಎಷ್ಟು ಹೊತ್ತು ನಿಲ್ಲುತ್ತಾರೆ? ಹಾಗಿದ್ದರೆ ಆ ದುಡ್ಡು ಒಬ್ಬರ ಗಳಿಕೆಯಲ್ಲ, ಇಡೀ ಮನೆಯ ಗಳಿಕೆ.

ನಿಮ್ಮ ಮನೆಯನ್ನೇ ನೋಡಿ. ಹೊಲಿಗೆ ಆರ್ಡರ್ ನಿಂತರೆ ಆ ವಾರ ನಿಮ್ಮ ಹೆಂಡತಿಗೆ ಏನೂ ಬರುವುದಿಲ್ಲ. ಆದರೂ ಊಟ, ಬಾಡಿಗೆ, ಶಾಲೆಯ ಫೀಸು ನಡೆಯುತ್ತಿರುವುದು ನಿಮ್ಮ ಸಂಬಳದಿಂದ. ಆರೋಗ್ಯ ವಿಮೆ ಇದ್ದರೆ ಅದು ಸಾಮಾನ್ಯವಾಗಿ ಹೆಂಡತಿ ಮಕ್ಕಳಿಗೂ ಸಿಗುತ್ತದೆ. ಸಂಬಳದ ಚೀಟಿ ತೋರಿಸಿದರೆ ಕಡಿಮೆ ಬಡ್ಡಿಗೆ ಸಾಲ ಹುಟ್ಟುತ್ತದೆ. ಅವರು ಧೈರ್ಯವಾಗಿ ಪೀಸ್ ಕೆಲಸ ಮಾಡಲು ಆಗುತ್ತಿರುವುದೇ ನಿಮ್ಮ ಕಾಯಂ ಕೆಲಸದಿಂದ. ಅದನ್ನು ಬಿಟ್ಟರೆ ಇಬ್ಬರ ಗಳಿಕೆಯೂ ಒಂದೇ ಸಲ ಅಲುಗಾಡುತ್ತದೆ.

2020ರ ಲಾಕ್‌ಡೌನ್‌ನ ಮೊದಲ ತಿಂಗಳಲ್ಲಿ ಜಗತ್ತಿನ ಅಸಂಘಟಿತ ಕಾರ್ಮಿಕರ, ಅಂದರೆ ಸಾಮಾಜಿಕ ಭದ್ರತೆ ಇಲ್ಲದೆ ದುಡಿಯುವವರ ಗಳಿಕೆ ಶೇ 60ರಷ್ಟು ಕುಸಿಯಿತು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅಂದಾಜು ಮಾಡಿತು. ಅಂಥ ಹೊತ್ತಿನಲ್ಲಿ ಉಳಿತಾಯ ಇಲ್ಲದ ಮನೆ ಏನು ಮಾಡುತ್ತದೆ? ಮೊದಲು ಕೈಸಾಲ. ಆಮೇಲೆ ಒಡವೆ, ಇಲ್ಲವೇ ದುಡಿಮೆಯ ಯಂತ್ರವೇ ಮಾರಾಟ. ಆಮೇಲೆ ಊಟದಲ್ಲಿ ಕಡಿತ. ಕೊನೆಗೆ ಮಗು ಶಾಲೆ ಬಿಡುತ್ತದೆ. ಗಳಿಕೆ ಮತ್ತೆ ಬಂದರೂ ಯಂತ್ರ ಸುಲಭಕ್ಕೆ ವಾಪಸ್ ಬರುವುದಿಲ್ಲ. ಶಾಲೆ ಬಿಟ್ಟ ಮಗುವಂತೂ ಎಷ್ಟೋ ಸಲ ಮರಳುವುದೇ ಇಲ್ಲ. ನಾನು ಇಷ್ಟು ಹೆದರಿಸುವುದು ಇದಕ್ಕೇ.

ಆದರೆ ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ನಿಮ್ಮ ಕೆಲಸ ನಿಜಕ್ಕೂ ಕಾಯಂ ತಾನೇ? ನೋಂದಣಿಯಾದ ಕಂಪನಿಯಲ್ಲಿದ್ದರೂ ಸಾಮಾಜಿಕ ಭದ್ರತೆ, ಸಂಬಳ ಸಹಿತ ರಜೆಯಂಥವು ಸಿಗದ ನೌಕರಿಯನ್ನು ಅಸಂಘಟಿತ ಕೆಲಸ ಎಂದೇ ಎಣಿಸಬೇಕು. ಕಾರ್ಮಿಕ ಅಂಕಿಅಂಶ ತಜ್ಞರು 2003ರಲ್ಲೇ ಇದನ್ನು ಒಪ್ಪಿದ್ದಾರೆ. ಕಂಪನಿಯ ಬೋರ್ಡು ನೋಡಿ ಸಮಾಧಾನ ಪಡಬೇಡಿ. ಸಂಬಳದಿಂದ ಮುರಿದ ದುಡ್ಡು ನಿಮ್ಮ ಭವಿಷ್ಯ ನಿಧಿ (ಪಿಎಫ್) ಖಾತೆಗೆ ಸೇರುತ್ತಿದೆಯಾ, ಅದನ್ನು ನೋಡಿ. ಸೇರುತ್ತಿಲ್ಲ ಅಂದರೆ ಬಿಡುವ ಮಾತನ್ನು ಹೊಸದಾಗಿ ಯೋಚಿಸಬಹುದು.

ಸೇರುತ್ತಿದ್ದರೆ ಬಿಡಬೇಡಿ. ವ್ಯಾಪಾರದ ಆಸೆ ಇದ್ದರೆ ರಜೆಯ ದಿನಗಳಲ್ಲಿ ಸಣ್ಣದಾಗಿ ಶುರು ಮಾಡಿ. ವ್ಯಾಪಾರ ಇಲ್ಲದ ತಿಂಗಳುಗಳೂ ಸೇರಿ ಪೂರ್ತಿ ಒಂದು ವರ್ಷದ ಲೆಕ್ಕ ಬರೆದಿಡಿ. ‘ನೌಕರಿ ಗುಲಾಮಗಿರಿ, ಇವತ್ತೇ ಬಿಡಿ’ ಎಂದು ಭಾಷಣ ಮಾಡುವವರು ನಿಮ್ಮ ಮನೆಯ ಬಾಡಿಗೆ ಕಟ್ಟುವುದಿಲ್ಲ. ಅವರ ಮಾತು ಕೇಳಿ ಹಾಳಾದ ಮನೆಗಳಿವೆ.

ಪ್ರಶ್ನೆ: ಕಷ್ಟಪಟ್ಟು ಹುಡುಕಿದರೆ ಎಲ್ಲರಿಗೂ ಕಾಯಂ ಕೆಲಸ ಸಿಗುವುದಿಲ್ಲವೇ?

ಉತ್ತರ: ಇಲ್ಲ. ಜಗತ್ತಿನಲ್ಲಿ ದುಡಿಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ, ಅಂದರೆ ಸುಮಾರು 200 ಕೋಟಿ ಜನ ಅಸಂಘಟಿತ ಕೆಲಸದಲ್ಲಿದ್ದಾರೆ. ಇದು ಸೋಮಾರಿತನದ ಪ್ರಶ್ನೆಯಲ್ಲ.

ಪ್ರಶ್ನೆ: ಅಸಂಘಟಿತರು ತೆರಿಗೆ ಕಟ್ಟುವುದಿಲ್ಲ. ಅವರಿಗೇಕೆ ಪಿಂಚಣಿ?

ಉತ್ತರ: ಸಾಮಾನು ಕೊಳ್ಳುವಾಗಲೆಲ್ಲ ಕಟ್ಟುತ್ತಾರೆ. ದಯವಿಟ್ಟು ಈ ಪ್ರಶ್ನೆ ಮತ್ತೆ ಕಳಿಸಬೇಡಿ.

ಪ್ರಶ್ನೆ: ಅಂಗಡಿ ನೋಂದಣಿ ಮಾಡಿಸಿದರೆ ಆದಾಯ ತಾನಾಗಿಯೇ ಏರುತ್ತದೆಯೇ?

ಉತ್ತರ: ಬರೀ ನೋಂದಣಿಯಿಂದ ಏರುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಶ್ರೀಲಂಕಾದಲ್ಲಿ ಸಂಶೋಧಕರು ಸಣ್ಣ ಉದ್ದಿಮೆದಾರರಿಗೆ ಮಾಹಿತಿ ಕೊಟ್ಟು, ನೋಂದಣಿಯ ಖರ್ಚನ್ನೂ ತಾವೇ ಭರಿಸುತ್ತೇವೆ ಎಂದರು. ಆದರೂ ನೋಂದಣಿ ಹೆಚ್ಚಲಿಲ್ಲ. ಅದರಿಂದ ಸಾಲವೋ, ದೊಡ್ಡ ಗಿರಾಕಿಯೋ ಸಿಗುವುದು ಖಚಿತವಿದ್ದರೆ ಮಾಡಿಸಿ.

ಪ್ರಶ್ನೆ: ದುಡ್ಡು ಕೊಟ್ಟರೆ ಹಳೆಯ ವರ್ಷಗಳನ್ನೂ ಸೇರಿಸಿ ಪಿಂಚಣಿ ಮಾಡಿಸಿಕೊಡುತ್ತೇನೆ ಅಂತ ಏಜೆಂಟ್ ಒಬ್ಬರು ಹೇಳುತ್ತಿದ್ದಾರೆ.

ಉತ್ತರ: ಅವರಿಗೆ ದುಡ್ಡೂ ಬೇಡ, ಗುರುತಿನ ಚೀಟಿಯ ಪ್ರತಿಯೂ ಬೇಡ. ಕಚೇರಿಗೆ ನೀವೇ ಹೋಗಿ ಅರ್ಜಿ ಹಾಕಿ, ರಸೀದಿ ತೆಗೆದುಕೊಳ್ಳಿ.