ನಾಯಕಿಗೆ ಏಳು ತಿಂಗಳವರೆಗೂ ಬಸಿರು ಗೊತ್ತೇ ಆಗಲಿಲ್ಲ ಅಂದರೆ ಓದುಗರು ನಂಬುತ್ತಾರಾ?

ಹದಿಹರೆಯದವರಿಗೆ ಅಂತ ಕಾದಂಬರಿ ಬರೀತಿದ್ದೀರಿ, 16 ವರ್ಷದ ನಾಯಕಿ ಏಳು ತಿಂಗಳು ತುಂಬುವವರೆಗೂ ತಾನು ಬಸುರಿ ಅಂತ ಒಪ್ಪಿಕೊಳ್ಳುವುದೇ ಇಲ್ಲ, ಇದನ್ನು ಯಾರು ನಂಬುತ್ತಾರೆ ಅಂತ ನಿಮ್ಮ ಗೆಳತಿ ನಕ್ಕರು ಅಂತ ಕೇಳಿದ್ದೀರಿ. ನಾನು ಹೆರಿಗೆ ವಾರ್ಡಿನಲ್ಲಿ ನರ್ಸ್. ರಾತ್ರಿ ಪಾಳಿಯಲ್ಲಿ ಬಿಡುವು ಸಿಕ್ಕಾಗ ಕಾದಂಬರಿ ಓದುವ ಚಟವೂ ಇದೆ. ನಂಬುತ್ತಾರೆ ಸ್ವಾಮಿ, ಧೈರ್ಯವಾಗಿ ಬರೆಯಿರಿ.

ಮೊದಲು ಗೆಳತಿಗೆ ಉತ್ತರ. ಬರ್ಲಿನ್‌ನಲ್ಲಿ 1995-96ರಲ್ಲಿ ಒಂದು ವರ್ಷದ ಹೆರಿಗೆಗಳನ್ನು ಗಮನಿಸಿ ಒಂದು ಅಧ್ಯಯನ ಮಾಡಿದ್ದರು, ಅದು 2002ರಲ್ಲಿ ಪ್ರಕಟವಾಯಿತು. ಸುಮಾರು 475 ಹೆರಿಗೆಗಳಲ್ಲಿ ಒಂದರಲ್ಲಿ, 20 ವಾರ ಕಳೆದರೂ ತಾಯಿಗೆ ಬಸಿರಿನ ಅರಿವೇ ಇರಲಿಲ್ಲ. ಹೆರಿಗೆ ಆಗುವವರೆಗೂ ತಿಳಿಯದೇ ಇದ್ದವರು ಸುಮಾರು 2,500ಕ್ಕೆ ಒಬ್ಬರು. ಇವರೆಲ್ಲ ಏನೂ ಅರಿಯದ ಹುಡುಗಿಯರು ಅಂದುಕೊಳ್ಳಬೇಡಿ, ಮೊದಲೇ ಮಕ್ಕಳಿದ್ದವರೂ ಇದ್ದರು.

ದೇಹವೂ ಇದಕ್ಕೆ ಸಾಥ್ ಕೊಡುತ್ತದೆ. ಮುಟ್ಟು ಶುರುವಾದ ಮೊದಲ ಕೆಲವು ವರ್ಷ ಎಷ್ಟೋ ಹುಡುಗಿಯರಿಗೆ ತಿಂಗಳು ಸರಿಯಾಗಿ ಆಗುವುದೇ ಇಲ್ಲ, ಹಾಗಾಗಿ ಎರಡು ತಿಂಗಳು ತಪ್ಪಿದರೆ ಅದೇನು ಹೊಸ ಸುದ್ದಿ ಅನ್ನಿಸುವುದಿಲ್ಲ. ಬಸಿರಿನ ಶುರುವಿನಲ್ಲಿ ಕೆಲವರಿಗೆ ಸ್ವಲ್ಪ ರಕ್ತ ಕಾಣಿಸುತ್ತದೆ, ಅದನ್ನೇ ಮುಟ್ಟು ಅಂದುಕೊಳ್ಳಬಹುದು. ವಾಕರಿಕೆ ಎಲ್ಲರಿಗೂ ಬರುವುದಿಲ್ಲ. ಕೂಸಿನ ಅಲುಗಾಟ ಮೊದಲ ಬಸಿರಿನಲ್ಲಿ 18-20 ವಾರದ ಹೊತ್ತಿಗೆ ಗೊತ್ತಾಗುವುದು ಜಾಸ್ತಿ, ಆದರೆ ಮಾಸು (ಕೂಸಿಗೆ ಆಹಾರ ಒದಗಿಸುವ ಪ್ಲಾಸೆಂಟಾ) ಗರ್ಭಕೋಶದ ಮುಂಭಾಗದಲ್ಲಿ ಅಂಟಿಕೊಂಡಿದ್ದರೆ ಅದೂ ತಡ. ಬಂದಾಗಲೂ ಗ್ಯಾಸು ಅಂತ ತಳ್ಳಿಹಾಕಬಹುದು.

ಆದರೆ ಇಷ್ಟನ್ನೇ ಜೋಡಿಸಿ ಕಥೆ ಕಟ್ಟಿದರೆ ಅದು ಬರೀ ಗೊತ್ತಾಗದೇ ಹೋದ ಕಥೆ ಆಗುತ್ತದೆ. ನೀವು ಬರೆಯಲು ಹೊರಟಿದ್ದು ನಿರಾಕರಣೆಯ ಬಗ್ಗೆ, ಅಲ್ವಾ? ಬಸಿರು ಅಂತ ಗೊತ್ತಿದ್ದೂ ಮುಚ್ಚಿಡುವವಳು ಬೇರೆ. ಆ ಯೋಚನೆ ಮನಸ್ಸಿಗೆ ಬರದ ಹಾಗೆ ನೋಡಿಕೊಳ್ಳುವವಳು ಬೇರೆ. ನಾನು ಕಂಡ ಹುಡುಗಿಯರು ಇವೆರಡರ ನಡುವೆ ಓಡಾಡುತ್ತಿದ್ದರು. ರಾತ್ರಿ ಗೊತ್ತಿರುತ್ತದೆ, ಬೆಳಿಗ್ಗೆ ಗೊತ್ತಿರುವುದಿಲ್ಲ. ಪ್ಯಾಂಟಿನ ಗುಂಡಿ ಹತ್ತದೇ ರಬ್ಬರ್ ಬ್ಯಾಂಡ್ ಸಿಕ್ಕಿಸಿಕೊಳ್ಳುತ್ತಾಳೆ, ಅದೇ ಕೈಯಲ್ಲಿ ಇನ್ನು ಮೇಲೆ ಸಿಹಿ ತಿನ್ನಬಾರದು ಅಂತ ಪಟ್ಟಿ ಬರೆಯುತ್ತಾಳೆ. ಕಾದಂಬರಿಗೆ ಬೇಕಾದದ್ದು ಇಂಥದ್ದೇ.

ಒಬ್ಬಳನ್ನು ಹೊಟ್ಟೆನೋವು ಅಂತ ಕರೆತಂದಿದ್ದರು. ಕೊನೆಯ ಮುಟ್ಟು ಯಾವಾಗ ಅಂತ ನಾನು ಕೇಳಿದೆ. ಸಾಮಾನ್ಯವಾಗಿ ಹುಡುಗಿಯರು ಯೋಚಿಸುತ್ತಾರೆ, ಬೆರಳು ಮಡಚಿ ಎಣಿಸುತ್ತಾರೆ, ಅಮ್ಮನ ಮುಖ ನೋಡುತ್ತಾರೆ. ಇವಳು ಪಟ್ ಅಂತ ತಾರೀಕು ಹೇಳಿದಳು. ಅಮ್ಮ ಪಕ್ಕದಲ್ಲೇ ನಿಂತು ತಲೆ ಆಡಿಸಿದರು. ಹೊಟ್ಟೆ ಮುಟ್ಟಿ ನೋಡಿದರೆ ಗಟ್ಟಿ, ಬಿಟ್ಟು ಬಿಟ್ಟು ಬಿಗಿಯುತ್ತಿತ್ತು. ಅವಳು ಸುಳ್ಳು ಹೇಳಿದಳು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಆ ತಾರೀಕನ್ನು ಅವಳು ಯಾವಾಗಲೋ ತನಗೇ ಹೇಳಿಕೊಂಡು ಗಟ್ಟಿ ಮಾಡಿಕೊಂಡಿದ್ದಳು, ಅಷ್ಟೆ. ತಲೆ ಆಡಿಸಿದ ಆ ಅಮ್ಮನನ್ನೂ ಮರೆಯಬೇಡಿ. ಇಂಥ ನಿರಾಕರಣೆ ಒಬ್ಬಳೇ ನಡೆಸುವ ಕೆಲಸ ಅಲ್ಲ. ಮನೆಯವರು ದಪ್ಪ ಆಗಿದ್ದಾಳೆ ಅಂತಾರೆ, ಟೀಚರು ಈಚೆಗೆ ಓದಿನ ಮೇಲೆ ಗಮನ ಇಲ್ಲ ಅಂತಾರೆ, ಗೆಳತಿಗೆ ಅನುಮಾನ ಬಂದರೂ ಬಾಯಿಗೆ ಬರುವುದಿಲ್ಲ. ಕಾಣುತ್ತಿರುವುದನ್ನು ಕೇಳಿಬಿಟ್ಟರೆ ಮುಂದೆ ಏನಾದರೂ ಮಾಡಬೇಕಾಗುತ್ತದಲ್ಲ, ಅದಕ್ಕೇ ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ನಿಮ್ಮ ಕಾದಂಬರಿಯ ಅತಿ ಒಳ್ಳೆಯ ಪುಟಗಳು ಇಲ್ಲೇ ಇವೆ.

ಕಥೆ ಹೇಳುವವರು ಯಾರಾಗಿರಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಾಯಕಿಯ ಬಾಯಲ್ಲೇ ಹೇಳಿಸಿ. ಅವಳು ಗ್ಯಾಸು, ಬೆನ್ನುನೋವು, ಪರೀಕ್ಷೆಯ ಟೆನ್ಷನ್ ಅಂತ ಹೇಳುತ್ತಾ ಹೋಗಲಿ, ಓದುವವರಿಗೆ ಮೂರನೇ ಅಧ್ಯಾಯಕ್ಕೇ ಗೊತ್ತಾಗಲಿ. ಕೊನೆಯಲ್ಲಿ ಓದುಗರನ್ನು ಬೆಚ್ಚಿಬೀಳಿಸಬೇಕು ಅಂತ ಬಚ್ಚಿಟ್ಟರೆ ಅವರಿಗೆ ಮೋಸ ಹೋದ ಹಾಗೆ ಆಗುತ್ತದೆ. ಅವರಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ ಅನ್ನುವಾಗ ಒಬ್ಬ ಹದಿನೈದು ವರ್ಷದ ಓದುಗಿ ಪುಸ್ತಕದ ಜೊತೆ ಜಗಳಕ್ಕೇ ಇಳಿಯುತ್ತಾಳೆ: ಹೇಳೇ, ಯಾರಿಗಾದರೂ ಹೇಳೇ ಅಂತ.

ಇನ್ನೊಂದು. ಬಸಿರು ಹೇಗಾಯಿತು ಅನ್ನುವುದು ಪುಸ್ತಕದಲ್ಲಿ ಬರಲಿ ಬಿಡಲಿ, ಬರೆಯುವ ನಿಮಗೆ ಗೊತ್ತಿರಬೇಕು. ಅವಳು ಇಷ್ಟಪಟ್ಟ ಹುಡುಗನಾ, ಅಥವಾ ದೊಡ್ಡವನೊಬ್ಬ ಬಲವಂತ ಮಾಡಿದ್ದಾ? ಎರಡನೆಯದಾದರೆ ಅವಳು ದೂರ ತಳ್ಳುತ್ತಿರುವುದು ಬಸಿರನ್ನಷ್ಟೇ ಅಲ್ಲ, ಅದಕ್ಕೂ ಹಿಂದಿನ ಆ ದಿನವನ್ನು. ಆಗ ಕಥೆಯೇ ಬೇರೆ ಆಗುತ್ತದೆ. ಕಾನೂನು ಮಾತ್ರ ಎರಡರಲ್ಲೂ ಬರಬಹುದು, ಅವಳಿಗೆ ಇನ್ನೂ 16.

ಪರಿಣಾಮದ ವಿಷಯಕ್ಕೆ ಬಂದರೆ, ಇಲ್ಲಿ ಬಹಳ ಕಾದಂಬರಿಗಳು ಹಳ್ಳ ಹಿಡಿಯುತ್ತವೆ. ತಪ್ಪು ಮಾಡಿದಳು, ಅನುಭವಿಸಿದಳು. ಕೂಸು ಸಾಯುತ್ತದೆ, ಇಲ್ಲ ಅವಳೇ ಸಾಯುತ್ತಾಳೆ. ದಯವಿಟ್ಟು ಬೇಡ. ನಿರಾಕರಣೆ ಕಿತ್ತುಕೊಳ್ಳುವುದು ಸಮಯವನ್ನು, ಪರಿಣಾಮ ಹುಟ್ಟುವುದೂ ಅಲ್ಲಿಂದಲೇ. ಕೂಸಿನ ಮೆದುಳು, ಬೆನ್ನುಹುರಿ ಸರಿಯಾಗಿ ಬೆಳೆಯಲಿ ಅಂತ ಕೊಡುವ ಫೋಲಿಕ್ ಆಸಿಡ್ ಮಾತ್ರೆ ಮುಖ್ಯವಾಗಿ ಬೇಕಾಗುವುದು ಮೊದಲ 12 ವಾರ, ಅದು ಹೋಯಿತು. ರಕ್ತಹೀನತೆ ಇದೆಯಾ ಅಂತ ಯಾರೂ ನೋಡಲಿಲ್ಲ. ಬಿ.ಪಿ. ಏರಿ ತಲೆನೋವು, ಕಣ್ಣು ಮಂಜು, ಮುಖ ಊತ ಬಂದರೆ ಅದನ್ನೂ ಅವಳು ನಿದ್ದೆಗೆಟ್ಟಿದ್ದಕ್ಕೆ ಅಂದುಕೊಳ್ಳುತ್ತಾಳೆ. ಹದಿಹರೆಯದ ತಾಯಂದಿರಿಗೆ ಹೀಗೆ ಬಿ.ಪಿ. ಏರಿ ಫಿಟ್ಸ್ ಬರುವ, ಹೆರಿಗೆಯ ನಂತರ ಸೋಂಕು ಆಗುವ ಅಪಾಯ ಇಪ್ಪತ್ತರ ಆಚೆಯವರಿಗಿಂತ ಜಾಸ್ತಿ, ಕೂಸು ದಿನ ತುಂಬುವ ಮೊದಲೇ ಹುಟ್ಟುವ ಸಂಭವವೂ ಜಾಸ್ತಿ. ಬಸಿರು ತೆಗೆಸಬೇಕಾ, ಹೆತ್ತು ಸಾಕಬೇಕಾ, ದತ್ತು ಕೊಡಬೇಕಾ ಅಂತ ಕೂತು ಯೋಚಿಸಲು ಇದ್ದ ವಾರಗಳೂ ಕಳೆದುಹೋಗಿವೆ. ನಿಮ್ಮ ಕಥೆ ನಡೆಯುವ ದೇಶದ ಕಾನೂನಿನಲ್ಲಿ ಎಷ್ಟು ವಾರದ ಮಿತಿ ಇದೆ ಅಂತ ಮೊದಲೇ ನೋಡಿಕೊಳ್ಳಿ, ಕಥೆಯ ಕ್ಯಾಲೆಂಡರು ಅದಕ್ಕೆ ಹೊಂದಬೇಕು.

ಹೆರಿಗೆಗೆ ಕಥೆ ಮುಗಿಸಬೇಡಿ. ಕೂಸನ್ನು ಕೈಗೆ ಕೊಟ್ಟ ಕೂಡಲೇ ಅವಳಲ್ಲಿ ಪ್ರೀತಿ ಉಕ್ಕಿ ಬರುವ ದೃಶ್ಯವೂ ಬೇಡ. ಬೇರೆಯವರ ಕೂಸು ನೋಡಿದ ಹಾಗೆ ನೋಡುವವರಿದ್ದಾರೆ, ನೋಡಲ್ಲ ಅಂತ ಗೋಡೆಯ ಕಡೆ ತಿರುಗಿ ಮಲಗುವವರಿದ್ದಾರೆ. ಆದರೆ ಎರಡು ಮೂರು ದಿನಕ್ಕೆ ಹಾಲು ಇಳಿಯುತ್ತದೆ. ಕೂಸು ಪಕ್ಕದಲ್ಲಿ ಇರಲಿ ಇಲ್ಲದಿರಲಿ ಇಳಿಯುತ್ತದೆ. ಎದೆ ಕಲ್ಲಿನ ಹಾಗೆ ಗಟ್ಟಿಯಾಗಿ, ನೋವಾಗಿ, ಅಂಗಿ ಒದ್ದೆಯಾಗಿ, ಇದೇನು ಅಂತ ನನ್ನನ್ನೇ ಕೇಳಿದವರಿದ್ದಾರೆ. ಅಷ್ಟು ತಿಂಗಳು ಇಲ್ಲ ಇಲ್ಲ ಅಂದವಳಿಗೆ ಇಲ್ಲಿ ಇಲ್ಲ ಅನ್ನಲು ಆಗುವುದಿಲ್ಲ. ಆ ಅಧ್ಯಾಯವನ್ನು ನಾನು ಯಾವ ಕಾದಂಬರಿಯಲ್ಲೂ ಓದಿಲ್ಲ. ನೀವು ಬರೆದರೆ ಓದುತ್ತೇನೆ.

ಹಾಂ, ನೀರು ಒಡೆದ ಹತ್ತೇ ನಿಮಿಷಕ್ಕೆ ಕೂಸು ಹುಟ್ಟಿಸಬೇಡಿ. ಮೊದಲ ಹೆರಿಗೆಗೆ ಹತ್ತು ಹನ್ನೆರಡು ಗಂಟೆ ಹಿಡಿಯುವುದು ಮಾಮೂಲು, ಅದಕ್ಕೂ ಜಾಸ್ತಿ ಆಗಬಹುದು. ಅಷ್ಟು ಹೊತ್ತು ಅವಳು ಎಲ್ಲಿರುತ್ತಾಳೆ, ಯಾರಿಗೆ ಏನಂತ ಹೇಳುತ್ತಾಳೆ ಅನ್ನುವುದನ್ನು ಈಗಲೇ ಯೋಚಿಸಿಟ್ಟುಕೊಳ್ಳಿ.