ಓದು ಕಡಿಮೆ ಮಾಡಿ ಅಂದೆ

ಆಪ್ತಸಲಹೆಗೆ ಬರುವ ಕ್ರೈಸ್ತ ವಿಶ್ವಾಸಿಗಳ ಬಾಯಲ್ಲಿ ಒಂದು ದೂರು ಪದೇ ಪದೇ ಕೇಳುತ್ತೇನೆ. "ದಿನಾ ಸತ್ಯವೇದ ಓದ್ತೀನಿ, ಆದರೂ ಒಳಗೆಲ್ಲ ಒಣಗಿದ ಹಾಗಿದೆ." ಫೆಬ್ರುವರಿಯಲ್ಲಿ ಇದು ಇನ್ನೂ ಜಾಸ್ತಿ. ಹೊಸ ವರ್ಷಕ್ಕೆ ಬೈಬಲಿನ ಮೊದಲ ಪುಸ್ತಕ ಆದಿಕಾಂಡದಿಂದ ಹೊರಟವರು ಅಷ್ಟು ಹೊತ್ತಿಗೆ ನಿಯಮಗಳೇ ತುಂಬಿದ ಮೂರನೆಯ ಪುಸ್ತಕ ಯಾಜಕಕಾಂಡ ಮುಟ್ಟಿರುತ್ತಾರೆ. ಈ ವ್ಯಕ್ತಿಯೂ ಹಾಗೇ ಬಂದವರು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ನಡುವಯಸ್ಸಿನ ವ್ಯಾಪಾರಿ. ಚರ್ಚಿನ ಸಭೆಯಲ್ಲಿ ಒಳ್ಳೆಯ ಹೆಸರು. ಸತ್ಯವೇದದ 1,189 ಅಧ್ಯಾಯಗಳನ್ನೂ ವರ್ಷದೊಳಗೆ ಮುಗಿಸಬೇಕು ಅಂತ ದಿನಕ್ಕೆ ಮೂರೋ ನಾಲ್ಕೋ ಓದಿ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದರು. ಮನೆಯಲ್ಲಿ ಸಿಡುಕು, ರಾತ್ರಿ ನಿದ್ದೆಯಿಲ್ಲ. ನಿದ್ದೆಯ ವಿಷಯಕ್ಕೆ ಮೊದಲು ವೈದ್ಯರನ್ನು ಕಾಣಿ ಎಂದೆ, ಕಂಡರು. ದೇವರು ಮಾತಾಡ್ತಿಲ್ಲ ಅನ್ನುವ ಕೊರಗು ಮಾತ್ರ ಹಾಗೇ ಉಳಿದಿತ್ತು.

ಒಂದು ಭೇಟಿಯಲ್ಲಿ ಸುಮ್ನೆ ಕೇಳಿದೆ, "ಇವತ್ತು ಏನು ಓದಿದಿರಿ?"

"ಯಾಜಕಕಾಂಡ 17ರಿಂದ 19."

"19ರಲ್ಲಿ ಏನಿತ್ತು?"

ಸ್ವಲ್ಪ ಯೋಚಿಸಿದರು. "ನಿಯಮಗಳು."

ಅದನ್ನೇ ಈಗ ಜೋರಾಗಿ ಓದಿ ಅಂದೆ. ಹೊಲದ ಅಂಚಿನ ಪೈರನ್ನು ಬಡವರಿಗೆ ಬಿಡಬೇಕು ಅನ್ನುವುದು ಬಂತು. ಕದಿಯಬಾರದು, ಸುಳ್ಳಾಡಬಾರದು ಬಂತು. ಸರಾಗವಾಗಿ ಸಾಗಿದರು. 13ನೇ ವಚನದಲ್ಲಿ, ಕೂಲಿಯವನ ಕೂಲಿಯನ್ನು ಬೆಳಗಾಗುವ ತನಕ ಇಟ್ಟುಕೊಳ್ಳಬಾರದು ಅನ್ನುವ ಕಡೆ ನಿಂತರು. ಬೆರಳು ಆ ಸಾಲಿನ ಮೇಲೇ ಇತ್ತು.

"ಇದು ಹಳೆ ಒಡಂಬಡಿಕೆ ಅಲ್ವಾ?"

ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆ 5:4 ತೆಗೆಯಲು ಹೇಳಿದೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗುತ್ತಿದೆ, ಆ ಗೋಳು ಕರ್ತನ ಕಿವಿಗೆ ಬಿದ್ದಿದೆ ಎಂದು ಅಲ್ಲಿದೆ. ಓದಿ ಪುಸ್ತಕ ಮುಚ್ಚಿದರು. ತಮ್ಮಲ್ಲಿ ಕೆಲಸಕ್ಕಿರುವ ಹುಡುಗ ಬಿಟ್ಟು ಹೋಗದಿರಲಿ ಅಂತ ಎರಡು ತಿಂಗಳ ಸಂಬಳ ಹಿಡಿದಿಟ್ಟಿದ್ದಾರಂತೆ. ಎಲ್ಲರೂ ಮಾಡೋದೇ ಅಂದರು. ನಾನು ಏನೂ ಹೇಳಲಿಲ್ಲ. ಆಮೇಲೆ ಅವರೇ ಅಂದರು: "ಬೆಳಿಗ್ಗೆ ಇದನ್ನೇ ಓದಿ ಗುರುತು ಹಾಕಿದೆ. ಹತ್ತು ಗಂಟೆಗೆ ಅವನು ದುಡ್ಡು ಕೇಳಿದ. ಬೈದು ಕಳಿಸಿದೆ."

ಆ ದಿನ ಕೊಟ್ಟ ಸಲಹೆ ಚಿಕ್ಕದು. ಮೊದಲು ಸಂಬಳ ಕೊಡಿ, ಇವತ್ತೇ. ಪಟ್ಟಿಯನ್ನು ಎತ್ತಿಡಿ. ವಾರಕ್ಕೆ ಒಂದೇ ಭಾಗ, ಅದನ್ನೇ ದಿನಾ ಓದಿ. ರಾತ್ರಿ ಮಲಗುವ ಮುಂಚೆ, ಆ ಭಾಗದ ಮಾತು ಇವತ್ತು ಯಾರ ವಿಷಯದಲ್ಲಿ ಎದುರಾಯ್ತು ಅಂತ ಒಬ್ಬರ ಹೆಸರು ಬರೆಯಿರಿ.

ಸತ್ಯವೇದ ಕಡಿಮೆ ಓದಿ ಅನ್ನುವ ಸಲಹೆಗಾರ ಎಂಥವನು ಅಂತ ಅವರ ಸಭೆಯ ಹಿರಿಯರೊಬ್ಬರು ಬೇಸರ ಮಾಡಿಕೊಂಡರು. ನಾನು ಹಿಂದೆ ಸರಿಯುವುದಿಲ್ಲ. ಪ್ರವಾದಿ ಯೆಹೆಜ್ಕೇಲನ ಪುಸ್ತಕದ 33ನೇ ಅಧ್ಯಾಯದ ಕೊನೆ ನೋಡಿ. ಜನ ಪ್ರವಾದಿಯ ಮುಂದೆ ಬಂದು ಕೂರುತ್ತಾರೆ, ಇಂಪಾದ ಹಾಡು ಕೇಳಿದ ಹಾಗೆ ಕೇಳುತ್ತಾರೆ, ಅದರಂತೆ ಮಾತ್ರ ನಡೆಯುವುದಿಲ್ಲ. ಹಾಜರಿಯಲ್ಲಿ ಅವರದೇನೂ ಕೊರತೆ ಇರಲಿಲ್ಲ. ರಕ್ಷಣೆ ಕೃಪೆಯಿಂದ, ಕ್ರಿಯೆಯಿಂದಲ್ಲ ಅಂತಲೂ ಆ ಹಿರಿಯರು ನೆನಪಿಸಿದರು. ಒಪ್ಪಿದೆ, ಎಫೆಸದವರಿಗೆ ಬರೆದ ಪತ್ರಿಕೆ 2:8, 9 ಅದನ್ನೇ ಹೇಳುತ್ತದೆ. ಆದರೆ ಸತ್ಕ್ರಿಯೆಗಳಿಗಾಗಿಯೇ ನಮ್ಮನ್ನು ಉಂಟುಮಾಡಿದ್ದಾನೆ ಅನ್ನುವ 10ನೇ ವಚನ ಅದರ ಬೆನ್ನಿಗೇ ಇದೆ. ಅಲ್ಲಿಗೆ ಬರುವ ಮುಂಚೆ ಯಾಕೆ ನಿಲ್ಲಿಸುತ್ತೀರಿ?

ಹಾಗಂತ ಈ ಸಲಹೆ ಎಲ್ಲರಿಗೂ ಅಲ್ಲ. ಕಂಡದ್ದರಲ್ಲೆಲ್ಲ ತನ್ನ ಪಾಪವನ್ನೇ ಹುಡುಕಿ ನರಳುವವರು ಬರುತ್ತಾರೆ. ಅವರ ಕೈಗೆ ಯಾಜಕಕಾಂಡ 19 ಕೊಟ್ಟರೆ ಚಾಟಿ ಕೊಟ್ಟ ಹಾಗೆ. ಅವರಿಗೆ ದೇವರ ಕರುಣೆಯನ್ನು ಹಾಡುವ ಕೀರ್ತನೆ 103 ಓದಿ ಹೇಳುತ್ತೇನೆ. ಏನನ್ನೂ ಬರೆಯಲು ಹೇಳುವುದಿಲ್ಲ.

ಹುಡುಗನಿಗೆ ಬಾಕಿ ಸಂದಿತು. ಮುಂದಿನ ತಿಂಗಳು ಅವನು ಕೆಲಸ ಬಿಟ್ಟ. "ನೋಡಿದ್ರಾ?" ಅಂತ ನನ್ನ ಮೇಲೆ ರೇಗಿದರು. ಪಟ್ಟಿ ಬಿಟ್ಟ ಬೇಸರವೂ ಇನ್ನೂ ಇದೆ. ಆದರೂ ಬರುತ್ತಿದ್ದಾರೆ, ಯಾಜಕಕಾಂಡ 19ರಲ್ಲೇ ಇದ್ದೇವೆ. ಮುಂದಿನ ವಾರ 35, 36ನೇ ವಚನ. ಅಳತೆ, ತೂಕದ ವಿಷಯ.